ಯಂತ್ರ ಕಲಿತದ್ದು ಯಾರಿಂದ?

ಲೇತು ನಡೆಯುವ ಯಾವುದಾದರೂ ವರ್ಕ್‌ಷಾಪಿನಲ್ಲಿ ನೀವು ಹತ್ತು ನಿಮಿಷ ನಿಂತು ನೋಡಿದ್ದೀರಾ? ಉಕ್ಕಿನ ಸರಳು ಗರಗರನೆ ತಿರುಗುತ್ತಿರುತ್ತದೆ. ಅದಕ್ಕೆ ತಾಗಿದ ಟೂಲು ತೆಳುವಾದ ಸುರುಳಿಗಳನ್ನು ಹೆರೆದು ಹಾಕುತ್ತಿರುತ್ತದೆ. ಟರ್ನರ್ ಸುಮ್ಮನೆ ನಿಂತಿರುವಂತೆ ಕಾಣುತ್ತಾನೆ. ಆದರೆ ಶಬ್ದ ಕೊಂಚ ಬದಲಾದರೂ ಸಾಕು, ಅವನ ಕೈ ಹಿಡಿಯ ಕಡೆಗೆ ಹೋಗುತ್ತದೆ. ಸುರುಳಿಯ ಬಣ್ಣ ನೀಲಿಗೆ ತಿರುಗಿದರೆ ಉಕ್ಕು ಬಿಸಿಯೇರಿದೆ ಎಂದು ಅವನಿಗೆ ತಿಳಿಯುತ್ತದೆ. ಹೇಗೆ ಗೊತ್ತಾಯಿತು ಎಂದು ಕೇಳಿ ನೋಡಿ. "ಗೊತ್ತಾಗುತ್ತೆ ಸಾರ್" ಎನ್ನುತ್ತಾನೆಯೇ ಹೊರತು ವಿವರಿಸಲು ಅವನಿಂದ ಆಗುವುದಿಲ್ಲ.

ಹೀಗೆ ಕೈಗೆ ಗೊತ್ತಿದ್ದು ಬಾಯಿಗೆ ಬಾರದ ತಿಳಿವಳಿಕೆಯನ್ನು ಹಂಗರಿ ಮೂಲದ ರಸಾಯನವಿಜ್ಞಾನಿ ಹಾಗೂ ತತ್ತ್ವಚಿಂತಕ ಮೈಕೆಲ್ ಪೊಲಾನ್ಯಿ (1891-1976) ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟ. ಕನ್ನಡದಲ್ಲಿ ಅದನ್ನು 'ಅವ್ಯಕ್ತ ಜ್ಞಾನ' ಎನ್ನಬಹುದು. ಮಡಕೆ ಮಾಡುವವರಲ್ಲಿ, ನಾಡಿ ಹಿಡಿಯುವವರಲ್ಲಿ, ತರಗತಿಯ ಮಕ್ಕಳ ಮುಖ ನೋಡಿಯೇ ಪಾಠ ಅರ್ಥವಾಗಲಿಲ್ಲವೆಂದು ತಿಳಿಯುವ ಶಿಕ್ಷಕರಲ್ಲಿ ಇರುವುದು ಇದೇ ಜ್ಞಾನ.

ಕೃತಕ ಬುದ್ಧಿಮತ್ತೆಯ ಮಾತು ಬಂದಾಗ ನಿಮ್ಮ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಯಾವುದು? "ಇದು ನಮ್ಮ ಕೆಲಸ ಕಸಿಯುತ್ತದೆಯೆ?" ಎಂದಲ್ಲವೆ? ಪ್ರಶ್ನೆ ಸಹಜವಾದದ್ದು. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಯಂತ್ರ ಆ ಕೆಲಸವನ್ನು ಕಲಿತದ್ದು ಯಾರಿಂದ? ಕಲಿತ ಮೇಲೆ, ಕೆಲಸದ ಯಾವ ಭಾಗ ಯಂತ್ರಕ್ಕೆ, ಯಾವ ಭಾಗ ಮನುಷ್ಯನಿಗೆ ಎಂದು ತೀರ್ಮಾನಿಸಿದವರು ಯಾರು? ಈ ಪ್ರಶ್ನೆ ಹೊಸದಲ್ಲ. ಮುಕ್ಕಾಲು ಶತಮಾನದ ಹಿಂದೆ ಇದೇ ಲೇತು ಮತ್ತು ಮಿಲ್ಲಿಂಗ್ ಯಂತ್ರಗಳ ಸುತ್ತ ಅದು ಎದ್ದಿತ್ತು. ಆ ಕಥೆಯನ್ನು ನೋಡೋಣ.

ಕೈಚಲನೆಯ ಧ್ವನಿಮುದ್ರಣ

ಎರಡನೆಯ ಮಹಾಯುದ್ಧ ಮುಗಿದಾಗ ಎಂಜಿನಿಯರುಗಳ ಕೈಯಲ್ಲಿ ಎರಡು ಹೊಸ ಸಾಧನಗಳಿದ್ದವು. ಒಂದು, ಸರ್ವೊ ವ್ಯವಸ್ಥೆ. ಫಿರಂಗಿಯನ್ನು ಗುರಿಯತ್ತ ತಿರುಗಿಸಲು ಬಳಕೆಯಾಗಿದ್ದ ಈ ವ್ಯವಸ್ಥೆ, ತಾನು ಎಲ್ಲಿದ್ದೇನೆ ಎಂಬುದನ್ನು ಅಳೆದು, ಎಲ್ಲಿರಬೇಕೋ ಅಲ್ಲಿಗೆ ತಾನೇ ಸರಿದುಕೊಳ್ಳುತ್ತದೆ. ಇನ್ನೊಂದು, ಕಾಂತೀಯ ಟೇಪು. ಇವೆರಡನ್ನೂ ಜೋಡಿಸಿದರೆ ಏನಾದೀತು?

1946-47ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು ಇದನ್ನು ಮಾಡಿ ನೋಡಿದರು. ಒಬ್ಬ ನುರಿತ ಕೆಲಸಗಾರ ಮೊದಲ ಜಾಬನ್ನು ಎಂದಿನಂತೆ ಕೈಯಿಂದಲೇ ಮಾಡುತ್ತಾನೆ. ಅವನು ಹಿಡಿಗಳನ್ನು ತಿರುಗಿಸಿದಂತೆಲ್ಲ ಯಂತ್ರದ ಭಾಗಗಳ ಚಲನೆ ಟೇಪಿನ ಮೇಲೆ ದಾಖಲಾಗುತ್ತದೆ. ಆಮೇಲೆ ಟೇಪನ್ನು ಓಡಿಸಿದರೆ ಸರ್ವೊ ಮೋಟರುಗಳು ಅದೇ ಚಲನೆಯನ್ನು ಮರಳಿ ನಡೆಸುತ್ತವೆ. ಗಾಯಕ ಒಮ್ಮೆ ಹಾಡಿದ್ದನ್ನು ನಾವು ನೂರು ಸಲ ಕೇಳುವಂತೆ, ಕೆಲಸಗಾರ ಒಮ್ಮೆ ಮಾಡಿದ್ದನ್ನು ಯಂತ್ರ ನೂರು ಸಲ ಮಾಡುತ್ತದೆ. ಈ ವಿಧಾನಕ್ಕೆ 'ರೆಕಾರ್ಡ್-ಪ್ಲೇಬ್ಯಾಕ್' ಎಂಬ ಹೆಸರು ಬಂತು.

ಇಲ್ಲೊಂದು ಅಂಶವನ್ನು ಗಮನಿಸಿ. ಈ ಯಂತ್ರಕ್ಕೆ ಲೋಹದ ಬಗ್ಗೆ ಏನೂ ತಿಳಿಯದು. ತಿಳಿದಿರುವುದು ಕೆಲಸಗಾರನಿಗೆ. ಹೊಸ ಜಾಬ್ ಬಂದಾಗಲೆಲ್ಲ ಮತ್ತೆ ಅವನೇ ಬೇಕು. ಟೇಪಿನಲ್ಲಿರುವುದು ಅವನ ಕಸುಬು.

ಆ ಟೇಪು ಯಾರಿಗೆ ಸೇರಿದ್ದು? ಈ ಪ್ರಶ್ನೆಯನ್ನು ಎತ್ತಿದವನು ಒಬ್ಬ ಕಾದಂಬರಿಕಾರ. ಕರ್ಟ್ ವಾನಗಟ್ 1947ರಿಂದ ಕೆಲವು ವರ್ಷ ಇದೇ ಕಂಪನಿಯ ಪ್ರಚಾರ ವಿಭಾಗದಲ್ಲಿದ್ದ. ಮನುಷ್ಯರ ಕೈಯಿಲ್ಲದೆ ಲೋಹ ಕೊರೆಯುವ ಯಂತ್ರವನ್ನು ಅಲ್ಲಿ ಕಂಡದ್ದೇ 1952ರಲ್ಲಿ ಪ್ರಕಟವಾದ ಅವನ ಮೊದಲ ಕಾದಂಬರಿ 'ಪ್ಲೇಯರ್ ಪಿಯಾನೊ'ಗೆ ಪ್ರೇರಣೆಯಾಯಿತು. ಅದರಲ್ಲಿ ಬರುವ ಲೇತು ಕೆಲಸಗಾರನ ಕೈಚಲನೆಯನ್ನು ಎಂಜಿನಿಯರುಗಳು ಟೇಪಿಗೆ ಇಳಿಸಿಕೊಳ್ಳುತ್ತಾರೆ. ಎಲ್ಲರಲ್ಲಿ ತನ್ನನ್ನೇ ಆರಿಸಿದರಲ್ಲ ಎಂಬ ಹೆಮ್ಮೆ ಅವನಿಗೆ. ಅವನ ಕೈ ಅನೇಕ ಯಂತ್ರಗಳಲ್ಲಿ ದುಡಿಯತೊಡಗುತ್ತದೆ. ಅವನಿಗೆ ಮಾತ್ರ ಕೆಲಸವಿಲ್ಲ.

ರಂಧ್ರಪಟ್ಟಿಯ ದಾರಿ

ಇದೇ ಹೊತ್ತಿಗೆ ಮಿಷಿಗನ್ ರಾಜ್ಯದಲ್ಲಿ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ. ರೆಕ್ಕೆಯ ವಕ್ರತೆಯನ್ನು ಕಣ್ಣಂದಾಜಿನಲ್ಲಿ ಕೊರೆಯಲಾಗದು. ಪಾರ್ಸನ್ಸ್ ಮತ್ತು ಅವನ ಎಂಜಿನಿಯರ್ ಫ್ರ್ಯಾಂಕ್ ಸ್ಟೂಲೆನ್, ವಕ್ರರೇಖೆಯ ಮೇಲಿನ ಅನೇಕ ಬಿಂದುಗಳ ನಿರ್ದೇಶಾಂಕಗಳನ್ನು ಪಂಚ್ ಕಾರ್ಡ್ ಯಂತ್ರಗಳಲ್ಲಿ ಲೆಕ್ಕ ಹಾಕಿಸಿದರು. ಆ ಸಂಖ್ಯೆಗಳನ್ನೇ ನೇರವಾಗಿ ಯಂತ್ರಕ್ಕೆ ಉಣಿಸಿದರೆ ಹೇಗೆ ಎಂಬ ಯೋಚನೆ ಬಂದದ್ದು ಹಾಗೆ.

1949ರಲ್ಲಿ ಅಮೆರಿಕದ ವಾಯುಪಡೆ ಈ ಯೋಜನೆಗೆ ಹಣ ಕೊಟ್ಟಿತು. ಪಾರ್ಸನ್ಸ್ ನೆರವಿಗಾಗಿ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಸರ್ವೊ ಪ್ರಯೋಗಾಲಯಕ್ಕೆ ಹೋದ. ಬರುಬರುತ್ತ ಯೋಜನೆಯ ಹತೋಟಿ ಅವನ ಕೈತಪ್ಪಿ ಸಂಸ್ಥೆಯ ಕಡೆಗೆ ಸರಿಯಿತು. 1952ರ ಸೆಪ್ಟೆಂಬರಿನಲ್ಲಿ ಎಂಐಟಿ ತನ್ನ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಕಾಗದದ ಪಟ್ಟಿಯಲ್ಲಿ ರಂಧ್ರಗಳ ರೂಪದಲ್ಲಿದ್ದ ಸಂಖ್ಯೆಗಳನ್ನು ಓದಿ, ಮೂರು ಅಕ್ಷಗಳಲ್ಲಿ ಒಟ್ಟಿಗೆ ಚಲಿಸುತ್ತ ಅದು ಲೋಹವನ್ನು ಕೊರೆಯಿತು. ಇದೇ ಸಾಂಖ್ಯಿಕ ನಿಯಂತ್ರಣ, ಅಂದರೆ ಎನ್‌ಸಿ. ಇಂದಿನ ಸಿಎನ್‌ಸಿ ಯಂತ್ರಗಳ ಪೂರ್ವಜ.

ರೆಕಾರ್ಡ್-ಪ್ಲೇಬ್ಯಾಕ್‌ನಲ್ಲಿ ಸೂಚನೆ ಹುಟ್ಟುತ್ತಿದ್ದುದು ಕೆಲಸಗಾರನ ಕೈಯಲ್ಲಿ. ಎನ್‌ಸಿಯಲ್ಲಿ ಅದು ಹುಟ್ಟುವುದು ಕಚೇರಿಯ ಮೇಜಿನ ಮೇಲೆ. ನಕ್ಷೆ ನೋಡಿ, ಲೆಕ್ಕ ಹಾಕಿ, ಪಟ್ಟಿಯಲ್ಲಿ ರಂಧ್ರ ಕೊರೆಸುವವನು ಪ್ರೋಗ್ರಾಮರ್. ಯಂತ್ರದ ಮುಂದೆ ನಿಂತವನು ಜಾಬ್ ಕಟ್ಟಬೇಕು, ಗುಂಡಿ ಒತ್ತಬೇಕು, ಮುಗಿದ ಮೇಲೆ ಬಿಚ್ಚಬೇಕು. ಯೋಚನೆ ಒಂದು ಕಡೆ, ಕೈ ಇನ್ನೊಂದು ಕಡೆ ಆಯಿತು.

1950ರ ದಶಕದಲ್ಲಿ ವಾಯುಪಡೆ ತನ್ನ ಖರ್ಚಿನಲ್ಲಿ ನೂರಕ್ಕೂ ಹೆಚ್ಚು ಎನ್‌ಸಿ ಯಂತ್ರಗಳನ್ನು ವಿಮಾನ ಕಾರ್ಖಾನೆಗಳಲ್ಲಿ ಹಾಕಿಸಿತು. ಪ್ರೋಗ್ರಾಂ ಬರೆಯಲು ಎಂಐಟಿಯ ಡಗ್ಲಸ್ ರಾಸ್‌ನ ತಂಡ 'ಎಪಿಟಿ' ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿತು. 1959ರ ಪತ್ರಿಕಾಗೋಷ್ಠಿಗೆ ಬಂದವರಿಗೆ ಈ ಭಾಷೆಯ ನೆರವಿನಿಂದ ಕೊರೆದ ಅಲ್ಯೂಮಿನಿಯಮ್ ಬೂದಿಬಟ್ಟಲುಗಳನ್ನು ನೆನಪಿನ ಕಾಣಿಕೆಯಾಗಿ ಹಂಚಿದರು. ರೆಕಾರ್ಡ್-ಪ್ಲೇಬ್ಯಾಕ್ ಅಷ್ಟರಲ್ಲಿ ಮೂಲೆ ಸೇರಿತ್ತು.

ಈ ದಾರಿಯೇ ಏಕೆ?

ಉತ್ತಮವಾದದ್ದು ಗೆದ್ದಿತು ಎಂದು ಹೇಳಿ ಮುಗಿಸಬಹುದು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಜೆಟ್ ವಿಮಾನದ ಭಾಗಗಳ ವಕ್ರತೆಯನ್ನು ಮೂರು ಅಕ್ಷಗಳಲ್ಲಿ ಏಕಕಾಲಕ್ಕೆ ಕೈ ಆಡಿಸಿ ಕೊರೆಯುವುದು ಎಂಥ ನುರಿತವನಿಗೂ ಸಾಧ್ಯವಿಲ್ಲ. ಕೈಯಿಂದ ಮಾಡಲಾಗದ್ದನ್ನು ದಾಖಲಿಸುವುದಾದರೂ ಹೇಗೆ? ಅಂಥ ಕೆಲಸಕ್ಕೆ ಸಂಖ್ಯೆಗಳೇ ಬೇಕು.

ಆದರೆ ಸಾಮಾನ್ಯ ಕಾರ್ಖಾನೆಗಳಲ್ಲಿ ನಡೆಯುವ ಬಹುಪಾಲು ಕೆಲಸ ಅಂಥದ್ದಲ್ಲ. ಅಲ್ಲಿಗೆ ರೆಕಾರ್ಡ್-ಪ್ಲೇಬ್ಯಾಕ್ ಅಗ್ಗವೂ ಸರಳವೂ ಆಗಿತ್ತು. ಅದು ಏಕೆ ಬೆಳೆಯಲಿಲ್ಲ? ಇತಿಹಾಸಕಾರ ಡೇವಿಡ್ ನೋಬಲ್ (1945-2010) 1984ರಲ್ಲಿ ಪ್ರಕಟವಾದ 'ಫೋರ್ಸಸ್ ಆಫ್ ಪ್ರೊಡಕ್ಷನ್' ಎಂಬ ಗ್ರಂಥದಲ್ಲಿ ಇದನ್ನೇ ಹುಡುಕಿದ. ವಾಯುಪಡೆಗೆ ಖರ್ಚಿನ ಚಿಂತೆ ಇರಲಿಲ್ಲ, ಕ್ಲಿಷ್ಟ ಭಾಗಗಳು ಬೇಕಿದ್ದವು. ಸಂಶೋಧಕರಿಗೆ ಗಣಿತದಿಂದ ನಡೆಯುವ ಯಂತ್ರ ಹೆಚ್ಚು ಆಕರ್ಷಕವಾಗಿತ್ತು. ಮುಷ್ಕರಗಳನ್ನು ಕಂಡಿದ್ದ ಆಡಳಿತವರ್ಗಕ್ಕೆ ಕೆಲಸದ ವೇಗ ಮತ್ತು ವಿಧಾನ ಕೆಲಸಗಾರನ ಕೈಯಿಂದ ಕಚೇರಿಗೆ ಬರುವುದು ಬೇಕಾಗಿತ್ತು. ಈ ಮೂರೂ ಕೂಡಿ ಒಂದು ದಾರಿಯನ್ನು ಅಗಲಮಾಡಿ ಇನ್ನೊಂದನ್ನು ಮುಚ್ಚಿದವು ಎಂಬುದು ಅವನ ವಾದ. ನೋಬಲ್‌ನ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಎರಡು ದಾರಿಗಳಿದ್ದವು, ಆಯ್ಕೆ ಮಾಡಿದವರು ಮನುಷ್ಯರು ಎಂಬಷ್ಟು ನಿಜ.

ಇದರ ಪರಿಣಾಮವನ್ನು ಮುಂಚೆಯೇ ಊಹಿಸಿದ ವಿಜ್ಞಾನಿಯೊಬ್ಬ ಎಂಐಟಿಯಲ್ಲಿಯೇ ಇದ್ದ. ಆತ ಸೈಬರ್ನೆಟಿಕ್ಸ್‌ನ ಸ್ಥಾಪಕ ನಾರ್ಬರ್ಟ್ ವೀನರ್. 1949ರ ಆಗಸ್ಟಿನಲ್ಲಿ ಅವನು ಮೋಟಾರು ಕಾರ್ಮಿಕರ ಸಂಘದ ಅಧ್ಯಕ್ಷ ವಾಲ್ಟರ್ ರೂಥರ್‌ಗೆ ಪತ್ರ ಬರೆದು, ಸ್ವಯಂಚಾಲಿತ ಕಾರ್ಖಾನೆ ಬರಲಿದೆ, ಅದರಿಂದ ಭಾರಿ ನಿರುದ್ಯೋಗ ಉಂಟಾಗಬಹುದು, ಸಂಘ ಈಗಲೇ ಎಚ್ಚೆತ್ತುಕೊಳ್ಳಬೇಕು ಎಂದು ತಿಳಿಸಿದ. ಮರುವರ್ಷ, 1950ರಲ್ಲಿ, ಅವನು ಜನಸಾಮಾನ್ಯರಿಗಾಗಿ ಬರೆದ ಪುಸ್ತಕ ಹೊರಬಂತು. ಮನುಷ್ಯರನ್ನು ಮನುಷ್ಯರಂತೆ ಬಳಸುವುದು ಎಂಬುದೇ ಅದರ ಶೀರ್ಷಿಕೆಯ ಅರ್ಥ.

ಗುಂಡಿ ಒತ್ತುವವನ ಕೈಯಲ್ಲಿ

ಕಚೇರಿಯಲ್ಲಿ ಬರೆದ ಪ್ರೋಗ್ರಾಂ ಕಾರ್ಖಾನೆಯಲ್ಲಿ ಹೇಗೆ ನಡೆಯಿತು? ಲೋಹ ಎಲ್ಲ ಸಲವೂ ಒಂದೇ ತೆರನಾಗಿರುವುದಿಲ್ಲ. ಟೂಲು ಸವೆಯುತ್ತದೆ. ಪಟ್ಟಿಯಲ್ಲಿ ತಪ್ಪಿದ್ದರೆ ಯಂತ್ರ ಆ ತಪ್ಪನ್ನೂ ನಿಷ್ಠೆಯಿಂದ ಪಾಲಿಸುತ್ತದೆ. ದುಬಾರಿ ಯಂತ್ರಗಳು ನಿಂತು ಹೋಗುತ್ತಿದ್ದವು, ಕೆಟ್ಟ ಜಾಬುಗಳ ರಾಶಿ ಬೆಳೆಯುತ್ತಿತ್ತು. ಗುಂಡಿ ಒತ್ತುವವನು ಸುಮ್ಮನೆ ನೋಡುತ್ತ ನಿಂತರೆ ಕೆಲಸ ಕೆಡುತ್ತಿತ್ತು. ಅವನು ಶಬ್ದ ಕೇಳಿ, ವೇಗ ತಗ್ಗಿಸಿ, ಸಮಯಕ್ಕೆ ನಿಲ್ಲಿಸಿದರೆ ಉಳಿಯುತ್ತಿತ್ತು. ಬೇಡವೆಂದು ಹೊರಗಿಟ್ಟಿದ್ದ ಕಸುಬು ಹಿಂಬಾಗಿಲಿನಿಂದ ಒಳಗೆ ಬಂದಿತ್ತು. ಸಂಬಳದಲ್ಲಿ ಮಾತ್ರ ಅದರ ಲೆಕ್ಕವಿರಲಿಲ್ಲ.

ಮ್ಯಾಸಚುಸೆಟ್ಸ್‌ನ ಲಿನ್ ಎಂಬಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಈ ಸಂಗತಿಯೇ ವಿವಾದವಾಗಿ, 1968ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಎನ್‌ಸಿ ಯಂತ್ರಗಳ ಕೆಲಸಗಾರರಿಗೆ ಹೆಚ್ಚಿನ ಸಂಬಳ ಮತ್ತು ಕೆಲಸವನ್ನು ತಾವೇ ಯೋಜಿಸಿಕೊಳ್ಳುವ ಅವಕಾಶ ದೊರೆಯಿತು. ಕೆಲವು ವರ್ಷ ನಡೆದ ಪ್ರಯೋಗವನ್ನು ಆಡಳಿತವರ್ಗ 1975ರಲ್ಲಿ ನಿಲ್ಲಿಸಿತು. ನೋಬಲ್‌ನ ಪ್ರಕಾರ ತಕರಾರಿದ್ದುದು ಉತ್ಪಾದನೆಯ ಬಗ್ಗೆ ಅಷ್ಟಾಗಿ ಅಲ್ಲ. ಕಾರ್ಖಾನೆಯನ್ನು ನಡೆಸುವವರು ಯಾರು ಎಂಬ ಬಗ್ಗೆ.

ಮಾನವಕೇಂದ್ರಿತ ಯಂತ್ರ

ಈಗ ಇಂಗ್ಲೆಂಡಿಗೆ ಬರೋಣ. 'ಮಾನವಕೇಂದ್ರಿತ' ಎಂಬ ಮಾತು ಯಂತ್ರಗಳ ಬಗ್ಗೆ ಬಳಕೆಗೆ ಬಂದುದರಲ್ಲಿ ಅಲ್ಲಿನ ಇಬ್ಬರ ಪಾತ್ರ ದೊಡ್ಡದು.

ಮೊದಲನೆಯವನು ಹವರ್ಡ್ ರೋಸೆನ್‌ಬ್ರಾಕ್ (1920-2010). ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಈ ಹೆಸರು ಬೇರೆ ಕಾರಣಕ್ಕೆ ಪರಿಚಿತ. 1960ರಲ್ಲಿ ಅವನು ಮುಂದಿಟ್ಟ ಎರಡು ಚರಗಳ ಫಲನದ ನಕ್ಷೆ ಬಾಳೆಹಣ್ಣಿನಂತೆ ಬಾಗಿದ ಕಿರಿದಾದ ಕಣಿವೆ. ಕಣಿವೆಗೆ ಇಳಿಯುವುದು ಸುಲಭ, ಅದರ ಅತಿ ತಗ್ಗಿನ ಬಿಂದುವನ್ನು ತಲುಪುವುದು ಕಷ್ಟ. ಕನಿಷ್ಠ ಬೆಲೆಯನ್ನು ಹುಡುಕುವ ಗಣಿತ ವಿಧಾನಗಳನ್ನು ಪರೀಕ್ಷಿಸಲು ಈ ಫಲನ ಇಂದಿಗೂ ಬಳಕೆಯಲ್ಲಿದೆ. ಕೃತಕ ಬುದ್ಧಿಮತ್ತೆಯ ಜಾಲಗಳಿಗೆ ತರಬೇತಿ ಕೊಡುವಾಗ ನಡೆಯುವುದೂ ಇಂಥದೇ ಹುಡುಕಾಟ.

ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಿಯಂತ್ರಣ ವಿಜ್ಞಾನದ ಪ್ರಾಧ್ಯಾಪಕನಾಗಿದ್ದ ರೋಸೆನ್‌ಬ್ರಾಕ್, ನಿಯಂತ್ರಣ ವ್ಯವಸ್ಥೆಗಳನ್ನು ವಿನ್ಯಾಸ ಮಾಡಲು ಕಂಪ್ಯೂಟರನ್ನು ಬಳಸಿದ ಮೊದಲಿಗರಲ್ಲೊಬ್ಬ. ಅವನ ವಿಧಾನದಲ್ಲಿ ಕಂಪ್ಯೂಟರ್ ಉತ್ತರವನ್ನು ತಾನೇ ಕೊಡುವುದಿಲ್ಲ. ಲೆಕ್ಕ ಮಾಡಿ ಪರದೆಯ ಮೇಲೆ ನಕ್ಷೆ ತೋರಿಸುತ್ತದೆ. ಎಂಜಿನಿಯರ್ ನಕ್ಷೆಯನ್ನು ನೋಡಿ, ತನ್ನ ಅನುಭವದಿಂದ ಮುಂದಿನ ಹೆಜ್ಜೆ ಇಡುತ್ತಾನೆ. ಎಂಜಿನಿಯರಿಗೆ ಸಲ್ಲುವ ಈ ಗೌರವ ಲೇತಿನ ಮುಂದೆ ನಿಂತವನಿಗೆ ಏಕೆ ಸಲ್ಲಬಾರದು ಎಂಬ ಪ್ರಶ್ನೆ ಅವನನ್ನು ಕಾಡಿತು. 1980ರ ದಶಕದಲ್ಲಿ ಅವನ ತಂಡ ಸಮಾಜವಿಜ್ಞಾನಿಗಳನ್ನೂ ಸೇರಿಸಿಕೊಂಡು ಕಂಪ್ಯೂಟರ್ ನಿಯಂತ್ರಿತ ಲೇತಿನ ವ್ಯವಸ್ಥೆಯೊಂದನ್ನು ರೂಪಿಸಲು ಹೊರಟಿತು. ಅದರಲ್ಲಿ ಲೆಕ್ಕದ ಹೊರೆ ಕಂಪ್ಯೂಟರಿನದು. ಪ್ರೋಗ್ರಾಂ ಬರೆಯುವವನೂ ಮೊದಲ ಜಾಬ್ ಮಾಡುವವನೂ ಲೇತಿನ ಕೆಲಸಗಾರನೇ.

ಎರಡನೆಯವನು ಐರ್ಲೆಂಡಿನ ಮೈಕ್ ಕೂಲಿ (1934-2020). ವಿಮಾನದ ಬಿಡಿಭಾಗ ತಯಾರಿಸುವ ಲ್ಯೂಕಾಸ್ ಏರೋಸ್ಪೇಸ್ ಕಂಪನಿಯಲ್ಲಿ ವಿನ್ಯಾಸ ಎಂಜಿನಿಯರ್. ಕೆಲಸ ಕಳೆದುಕೊಳ್ಳುವ ಭೀತಿ ಎದುರಾದಾಗ ಅಲ್ಲಿನ ಕಾರ್ಮಿಕ ಪ್ರತಿನಿಧಿಗಳು, ಈ ಕಾರ್ಖಾನೆಗಳಲ್ಲಿ ಸಮಾಜಕ್ಕೆ ಉಪಯುಕ್ತವಾದ ಏನನ್ನು ತಯಾರಿಸಬಹುದು ಎಂದು 180 ತಜ್ಞರಿಗೆ ಮತ್ತು ಸಂಸ್ಥೆಗಳಿಗೆ ಬರೆದು ಕೇಳಿದರು. ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಆಗ ಅವರು ಅದೇ ಪ್ರಶ್ನೆಯನ್ನು ತಮ್ಮ ಕೆಲಸಗಾರರಿಗೆ ಕೇಳಿದರು. ಸುಮಾರು 150 ಸಲಹೆಗಳು ಬಂದವು! ಬೆನ್ನುಹುರಿಯ ಜನ್ಮದೋಷವಿರುವ ಮಕ್ಕಳಿಗೆ ಓಡಾಡಲು ಪುಟ್ಟ ಗಾಡಿ, ಶಾಖ ಪಂಪು, ಗಾಳಿಯಂತ್ರ, ರಸ್ತೆಯಲ್ಲೂ ರೈಲುಹಳಿಯಲ್ಲೂ ಓಡುವ ಬಸ್ಸು, ಹೀಗೆ. ಒಂದು ಸಲಹೆ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಸಮುದ್ರದ ತಳದಂಥ ಅಪಾಯದ ಜಾಗಗಳಲ್ಲಿ ಮನುಷ್ಯನ ಕೈಚಲನೆಯನ್ನು ದೂರದಿಂದಲೇ ಅನುಸರಿಸುವ ಯಾಂತ್ರಿಕ ಕೈಗಳು. ಅಪಾಯ ಯಂತ್ರಕ್ಕೆ, ಕಸುಬು ಮನುಷ್ಯನಲ್ಲೇ.

1976ರ ಜನವರಿಯಲ್ಲಿ ಪ್ರಕಟವಾದ ಈ ಯೋಜನೆಯನ್ನು ಕಂಪನಿ ಒಪ್ಪಲಿಲ್ಲ. 1981ರಲ್ಲಿ ಕೂಲಿಯನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಅವನಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಮುಂದೆ 1986ರಲ್ಲಿ ಬ್ರಿಟನ್, ಡೆನ್ಮಾರ್ಕ್ ಮತ್ತು ಜರ್ಮನಿಯ ಸಂಸ್ಥೆಗಳು ಸೇರಿ ಯುರೋಪಿಯನ್ ಸಮುದಾಯದ ನೆರವಿನಿಂದ ಮಾನವಕೇಂದ್ರಿತ ಉತ್ಪಾದನಾ ವ್ಯವಸ್ಥೆಯ ಯೋಜನೆಯೊಂದನ್ನು ಕೈಗೆತ್ತಿಕೊಂಡಾಗ ಅದರ ಹಿಂದೆ ಕೂಲಿಯ ವಿಚಾರಗಳಿದ್ದವು.

ಕಸುಬು ಯಂತ್ರದ ಬಳಿಗೆ ಮರಳಿತು

ಇಷ್ಟರಲ್ಲಿ ಇಲೆಕ್ಟ್ರಾನಿಕ್ಸ್ ತಂತ್ರಜ್ಞಾನವೇ ಬದಲಾಗಿತ್ತು. ಮೈಕ್ರೊಪ್ರೊಸೆಸರ್ ಬಂದ ಮೇಲೆ ಪ್ರತಿ ಯಂತ್ರದಲ್ಲೂ ಒಂದು ಪುಟ್ಟ ಕಂಪ್ಯೂಟರ್ ಕೂರಿಸುವುದು ಸಾಧ್ಯವಾಯಿತು. 1981ರಲ್ಲಿ ಜಪಾನಿನ ಮಜಾಕ್ ಕಂಪನಿ ಸಂಭಾಷಣೆಯ ರೀತಿಯಲ್ಲಿ ಪ್ರೋಗ್ರಾಂ ಮಾಡಬಹುದಾದ ನಿಯಂತ್ರಕವನ್ನು ತಂದಿತು. ವಸ್ತು ಯಾವುದು, ಆಕಾರ ಯಾವುದು, ವ್ಯಾಸ ಎಷ್ಟು ಎಂದು ಪರದೆ ಕೇಳುತ್ತದೆ. ಯಂತ್ರದ ಮುಂದಿರುವವನು ಉತ್ತರಿಸುತ್ತ ಹೋಗುತ್ತಾನೆ. ಸಣ್ಣ ಕಾರ್ಖಾನೆಗಳಿಗೆ ಇದು ಹಿಡಿಸಿತು. ಜರ್ಮನಿಯಲ್ಲೂ ವರ್ಕ್‌ಷಾಪಿನಲ್ಲೇ ಪ್ರೋಗ್ರಾಂ ಮಾಡುವ ಪದ್ಧತಿ ಬೆಳೆಯಿತು. ಆಗದು ಎಂದು ಬಿಟ್ಟಿದ್ದ ದಾರಿ ಮೂವತ್ತು ವರ್ಷಗಳ ಬಳಿಕ ತೆರೆಯಿತು.

ನಮ್ಮಲ್ಲಿ ಬೆಂಗಳೂರಿನ ಹಿಂದುಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಆರಂಭವಾದದ್ದು 1953ರಲ್ಲಿ, ಎಂಐಟಿ ಪ್ರದರ್ಶನದ ಮರುವರ್ಷ. ಇಂದು ಪೀಣ್ಯದ ಸಣ್ಣ ಘಟಕಗಳಲ್ಲಿ ಸಿಎನ್‌ಸಿ ಯಂತ್ರ ಸಾಮಾನ್ಯ ದೃಶ್ಯ. ಅಂಥ ಘಟಕವನ್ನು ನೋಡುವ ಅವಕಾಶ ನಿಮ್ಮ ವಿದ್ಯಾರ್ಥಿಗಳಿಗೆ ಸಿಕ್ಕರೆ ಒಂದು ಪ್ರಶ್ನೆ ಕೇಳಲು ಹೇಳಿ. ಪ್ರೋಗ್ರಾಂ ಬರೆದವರು ಯಾರು? ತಪ್ಪಿದ್ದರೆ ಅದನ್ನು ತಿದ್ದುವ ಅಧಿಕಾರ ಯಾರಿಗಿದೆ? ಒಂದೇ ಯಂತ್ರದ ಮುಂದೆ ಎರಡು ಘಟಕಗಳಲ್ಲಿ ಎರಡು ಬಗೆಯ ಉತ್ತರ ಸಿಗಬಹುದು.

ಬೇನ್‌ಬ್ರಿಜ್‌ಳ ವಿರೋಧಾಭಾಸ

1983ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ ಸ್ವಯಂಚಾಲನೆಯ ವಿರೋಧಾಭಾಸಗಳ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದಳು. ಅದರ ಸಾರ ಹೀಗಿದೆ: ಸುಲಭ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರದಿಂದಾಗದ ಕಷ್ಟದ ಸಂದರ್ಭಗಳನ್ನು ಮನುಷ್ಯನಿಗೆ ಬಿಡುತ್ತೇವೆ. ಆದರೆ ದಿನನಿತ್ಯ ಕೈಯಾಡಿಸದವನಿಗೆ ಕಷ್ಟದ ಗಳಿಗೆಯಲ್ಲಿ ಕೈ ಓಡುವುದಿಲ್ಲ. ಯಂತ್ರ ಹೆಚ್ಚು ನಂಬಿಕಸ್ತವಾದಷ್ಟೂ ಅದು ತಪ್ಪಿದಾಗ ಸರಿಪಡಿಸಬೇಕಾದವನು ಹೆಚ್ಚು ಅಸಮರ್ಥನಾಗುತ್ತಾನೆ.

ಇದು ವೈದ್ಯರಿಗೂ ಅನ್ವಯಿಸುತ್ತದೆಯೆ? 2025ರ ಆಗಸ್ಟಿನಲ್ಲಿ ಪೋಲೆಂಡಿನಿಂದ ಒಂದು ಅಧ್ಯಯನ ಪ್ರಕಟವಾಯಿತು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಹುಡುಕುವ ವೈದ್ಯರ ಕುರಿತಾದದ್ದು ಅದು. ನಾಲ್ಕು ಕೇಂದ್ರಗಳಲ್ಲಿ ಕೃತಕ ಬುದ್ಧಿಮತ್ತೆಯ ನೆರವು ಬಂದ ಬಳಿಕ, ಆ ನೆರವಿಲ್ಲದೆ ನಡೆಸಿದ ತಪಾಸಣೆಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದರು. ಗಂಟು ಪತ್ತೆಯಾದ ತಪಾಸಣೆಗಳ ಪ್ರಮಾಣ ಮೊದಲು ಶೇ. 28.4 ಇದ್ದದ್ದು ಶೇ. 22.4ಕ್ಕೆ ಇಳಿದಿತ್ತು. ಇದು ವೀಕ್ಷಣೆಯ ಅಧ್ಯಯನ. ಬೇರೆ ಕಾರಣಗಳೂ ಇರಬಹುದು. ಆದರೆ ಬೇನ್‌ಬ್ರಿಜ್ ನಾಲ್ಕು ದಶಕಗಳ ಹಿಂದೆ ಹೇಳಿದ್ದಕ್ಕೆ ಇದು ಸರಿಹೊಂದುತ್ತದೆ.

ಟೇಪು ಮತ್ತೆ ಓಡುತ್ತಿದೆ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಎನ್‌ಸಿ ಯಂತ್ರಕ್ಕೆ ನಿಯಮಗಳನ್ನು ಬರೆದು ಕೊಡಬೇಕಿತ್ತು. ಇಂದಿನ ಕೃತಕ ಬುದ್ಧಿಮತ್ತೆಗೆ ಹಾಗೆ ಬರೆದು ಕೊಡುವುದಿಲ್ಲ. ಅದು ಉದಾಹರಣೆಗಳಿಂದ ಕಲಿಯುತ್ತದೆ. 2009ರಲ್ಲಿ ಬಂದ 'ಇಮೇಜ್‌ನೆಟ್' ಎಂಬ ಚಿತ್ರಸಂಗ್ರಹ ಯಂತ್ರಗಳಿಗೆ ನೋಡುವುದನ್ನು ಕಲಿಸಿತು. ಅದರಲ್ಲಿನ ಒಂದು ಕೋಟಿಗೂ ಮಿಕ್ಕಿದ ಚಿತ್ರಗಳಿಗೆ ಇದು ಬೆಕ್ಕು, ಇದು ದೋಣಿ ಎಂದು ಹೆಸರು ಹಚ್ಚಿದವರು ಅಂತರಜಾಲದ ಮೂಲಕ ಬಿಡಿಗಾಸಿಗೆ ದುಡಿದ ಸಾವಿರಾರು ಜನ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಂಥ ವ್ಯವಸ್ಥೆಗಳು ಕಲಿತದ್ದು ಜನ ಬರೆದಿಟ್ಟ ಅಪಾರ ಬರಹದಿಂದ. ಅಂದರೆ ಇದು ರೆಕಾರ್ಡ್-ಪ್ಲೇಬ್ಯಾಕ್‌ನ ಇನ್ನೊಂದು ರೂಪ! ವ್ಯತ್ಯಾಸವಿಲ್ಲದೆ ಇಲ್ಲ. ಹಳೆಯ ಟೇಪು ದಾಖಲಾದದ್ದನ್ನು ಹಾಗೆಯೇ ಮರಳಿಸುತ್ತಿತ್ತು. ಹೊಸದು ಲಕ್ಷಾಂತರ ಜನರ ದಾಖಲೆಗಳಿಂದ ಮಾದರಿಗಳನ್ನು ಹೆಕ್ಕಿ, ಹೊಸ ಸಂದರ್ಭಕ್ಕೆ ಹೊಂದಿಸುತ್ತದೆ. ಯಾರ ಕೈ ಎಲ್ಲಿದೆ ಎಂದು ಗುರುತಿಸುವುದೂ ಕಷ್ಟ.

ಗುರುತಿಸಬಹುದಾದ ಒಂದು ಉದಾಹರಣೆ ಇದೆ. ಗ್ರಾಹಕರ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸುವ ಐದು ಸಾವಿರಕ್ಕೂ ಹೆಚ್ಚು ನೌಕರರನ್ನು ಎರಿಕ್ ಬ್ರಿನ್‌ಯಾಲ್ಫ್‌ಸನ್, ಡೇನಿಯಲ್ ಲಿ ಮತ್ತು ಲಿಂಡ್ಸೆ ರೇಮಂಡ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ನೌಕರರಿಗೆ ಉತ್ತರಗಳನ್ನು ಸೂಚಿಸಲು ಒಂದು ಕೃತಕ ಬುದ್ಧಿಮತ್ತೆಯ ಸಹಾಯಕವನ್ನು ಕೊಡಲಾಗಿತ್ತು. 2023ರ ಅವರ ವರದಿಯ ಪ್ರಕಾರ, ಗಂಟೆಗೆ ಬಗೆಹರಿಯುವ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ. 14ರಷ್ಟು ಹೆಚ್ಚಿತು. ಹೊಸಬರಲ್ಲಿ ಹೆಚ್ಚಳ ಶೇ. 34. ನುರಿತವರಲ್ಲಿ ಹೆಚ್ಚುಕಡಮೆ ಏನೂ ಇಲ್ಲ. ಇದಕ್ಕೆ ಕಾರಣವೇನು? ಸಹಾಯಕ ಕಲಿತದ್ದೇ ಆ ನುರಿತವರ ಉತ್ತರಗಳಿಂದ. ಅವರ ಕಸುಬನ್ನೇ ಅದು ಹೊಸಬರಿಗೆ ದಾಟಿಸುತ್ತಿತ್ತು.

ಇದರಲ್ಲಿ ಒಳಿತಿದೆ. ಹೊಸದಾಗಿ ಸೇರಿದವನಿಗೆ ಅನುಭವಿಯ ನೆರವು ಅರೆಕ್ಷಣದಲ್ಲಿ ಸಿಗುತ್ತದೆ. ಆದರೆ ತಮ್ಮ ಉತ್ತರಗಳಿಂದ ಯಂತ್ರಕ್ಕೆ ಪಾಠ ಹೇಳಿದ ನುರಿತವರಿಗೆ ಏನು ದೊರೆಯಬೇಕು? ಕಾದಂಬರಿಯ ಆ ಲೇತು ಕೆಲಸಗಾರನ ಪ್ರಶ್ನೆ ಇಲ್ಲಿ ನಿಜವಾಗಿ ಎದುರಾಗುತ್ತದೆ. ನಾಳೆ ಹೊಸಬರೆಲ್ಲ ಸೂಚನೆಯನ್ನು ನೋಡಿಯೇ ಉತ್ತರಿಸಿದರೆ, ಮುಂದಿನ ಪೀಳಿಗೆಯ ನುರಿತವರು ಎಲ್ಲಿಂದ ಬರುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ.

ಇಂಥ ಪ್ರಶ್ನೆಗಳಿಗೆ ಮಾತುಕತೆಯಿಂದ ಉತ್ತರ ಸಿಕ್ಕಿದ್ದೂ ಉಂಟು. 2023ರಲ್ಲಿ ಅಮೆರಿಕದ ಚಿತ್ರಕಥೆ ಬರಹಗಾರರು 148 ದಿನ ಮುಷ್ಕರ ಹೂಡಿದರು. ಕೊನೆಗೆ ಆದ ಒಪ್ಪಂದದಂತೆ ಕೃತಕ ಬುದ್ಧಿಮತ್ತೆಗೆ ಬರಹಗಾರನ ಸ್ಥಾನವಿಲ್ಲ. ಕಂಪನಿ ಒಪ್ಪಿದರೆ ಬರಹಗಾರ ಅದನ್ನು ಬಳಸಬಹುದು. ಬಳಸಲೇಬೇಕೆಂದು ಕಂಪನಿ ಒತ್ತಾಯಿಸುವಂತಿಲ್ಲ. ಅವರು ಯಂತ್ರವನ್ನು ಒಡೆಯಲಿಲ್ಲ, ಬೇಡವೆನ್ನಲೂ ಇಲ್ಲ. ಕೆಲಸ ಹಂಚುವ ತೀರ್ಮಾನದಲ್ಲಿ ತಮಗೂ ಪಾಲು ಕೇಳಿದರು.

ಮೂರು ಪ್ರಶ್ನೆಗಳು

ಇಂದು 'ಮಾನವಕೇಂದ್ರಿತ' ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. 1999ರಲ್ಲೇ ಅದರ ಹೆಸರಿನಲ್ಲಿ ಅಂತಾರಾಷ್ಟ್ರೀಯ ಮಾನಕವೊಂದು ಬಂದಿದೆ. 2021ರಲ್ಲಿ ಯುರೋಪಿಯನ್ ಆಯೋಗ ಮುಂದಿಟ್ಟ ಕೈಗಾರಿಕಾ ನೀತಿಯಲ್ಲೂ ಅದಿದೆ. ಆದರೆ ಬಳಸುತ್ತ ಬಳಸುತ್ತ ಪದದ ಅರ್ಥ ಸರಿದಿದೆ. ಈಗ ಹೆಚ್ಚಾಗಿ ಅದರ ಅರ್ಥ, ಕೊಂಡು ಬಳಸುವವನಿಗೆ ಹಿತವಾದದ್ದು ಎಂದು. ರೋಸೆನ್‌ಬ್ರಾಕ್ ಮತ್ತು ಕೂಲಿಗೆ ಆ ಮಾನವ ದುಡಿಯುವವನಾಗಿದ್ದ.

ಆದ್ದರಿಂದ ಯಾವುದೇ ಹೊಸ ಯಂತ್ರವನ್ನು ಮಾನವಕೇಂದ್ರಿತ ಎಂದು ಯಾರಾದರೂ ಹೇಳಿದಾಗ ಮೂರು ಪ್ರಶ್ನೆ ಕೇಳಿ. ಇದು ಯಾರ ಕಸುಬಿನಿಂದ ಕಲಿತಿದೆ, ಅದರ ಲಾಭದಲ್ಲಿ ಅವರಿಗೆ ಪಾಲಿದೆಯೆ? ಇದನ್ನು ನಿಲ್ಲಿಸುವ, ತಿದ್ದುವ ಅಧಿಕಾರ ಇದರ ಮುಂದೆ ಕುಳಿತು ದುಡಿಯುವವರಿಗೆ ಇದೆಯೆ? ಇದರೊಂದಿಗೆ ಹತ್ತು ವರ್ಷ ದುಡಿದವರು ತಮ್ಮ ಕೆಲಸದಲ್ಲಿ ಮೊದಲಿಗಿಂತ ನುರಿತವರಾಗಿರುತ್ತಾರೆಯೆ?

ಕೊನೆಯ ಪ್ರಶ್ನೆ ತರಗತಿಗೂ ಸಲ್ಲುತ್ತದೆ. ಪ್ರಯೋಗದ ದಾಖಲೆ ಪುಸ್ತಕವನ್ನು ಯಂತ್ರದಿಂದ ಬರೆಸಿ ತರುವ ವಿದ್ಯಾರ್ಥಿ ಈಗ ಎಲ್ಲ ಶಾಲೆಗಳಲ್ಲೂ ಇದ್ದಾನು. ಅವನನ್ನು ಗದರಿಸುವ ಮೊದಲು ಟರ್ನರನ ಕಥೆ ಹೇಳಿ. ಮೊದಲ ಜಾಬನ್ನು ಕೈಯಿಂದ ಮಾಡಿದವನಿಗೆ ಮಾತ್ರ ಮುಂದಿನ ನೂರು ಜಾಬುಗಳಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯುತ್ತದೆ. ಲೋಲಕದ ಆಂದೋಲನಗಳನ್ನು ಅವನು ಒಮ್ಮೆ ತಾನೇ ಎಣಿಸಲಿ, ನಕ್ಷೆಯನ್ನು ಒಮ್ಮೆ ತಾನೇ ಎಳೆಯಲಿ. ಆಮೇಲೆ ಯಂತ್ರವನ್ನು ಬಳಸಿದರೂ ಅದರ ತಪ್ಪು ಅವನ ಕಣ್ಣಿಗೆ ಬೀಳುತ್ತದೆ.